ಎಂಜಿನ್ ಆಯಿಲ್‌ಗೆ ಪೆಟ್ರೋಲ್ ಸೇರುತ್ತಿದೆಯೇ? ಯಾವ ಗಾಡಿಗೆ ಯಾವ ಪರೀಕ್ಷೆ

ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬರ್ತಿದೆ ಎಂದು ಗ್ಯಾರೇಜಿಗೆ ಹೋದರೆ ಹೆಚ್ಚಾಗಿ ಸಿಗುವ ಉತ್ತರ ಒಂದೇ: "ಆಯಿಲ್ ಚೇಂಜ್ ಮಾಡ್ಸಿಬಿಡಿ ಸಾರ್, ಸರಿ ಹೋಗುತ್ತೆ." ಆಯಿಲ್ ಬದಲಾಗುತ್ತದೆ. ಪೆಟ್ರೋಲ್ ನುಗ್ಗುವ ದಾರಿ ಮಾತ್ರ ಹಾಗೇ ಉಳಿಯುತ್ತದೆ. ಸ್ವಲ್ಪ ದಿನಕ್ಕೆ ಹೊಸ ಆಯಿಲೂ ತೆಳ್ಳಗಾಗಿ, ಟ್ಯಾಪೆಟ್ ಸದ್ದು ಮತ್ತೆ ಶುರು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಗುಂಪಿದೆ: ಹೊಸ ಟರ್ಬೊ ಕಾರು ಕೊಂಡು, ಎಲ್ಲೋ ಏನೋ ಓದಿ ಗಾಬರಿಯಾಗಿ, ಏನೂ ಆಗದ ಎಂಜಿನ್‌ನ ಇಂಜೆಕ್ಟರ್ ಬಿಚ್ಚಿಸಲು ಹೊರಡುವವರು. ಎರಡೂ ಕಡೆ ದುಡ್ಡು ದಂಡ.

ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು, ಮತ್ತು ಅವು ಬೇರೆ ಬೇರೆ. ಪೆಟ್ರೋಲ್ ಸೇರಿದೆಯಾ? ಸೇರಿದ್ದರೆ ಎಷ್ಟು? ಎಲ್ಲಿಂದ ಸೇರುತ್ತಿದೆ? ಒಂದು ಪರೀಕ್ಷೆ ಸಾಮಾನ್ಯವಾಗಿ ಒಂದು ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಲ್ಯಾಬ್ ವರದಿ "ಎಷ್ಟು" ಎಂದು ಹೇಳುತ್ತದೆ, "ಎಲ್ಲಿಂದ" ಎಂದು ಹೇಳುವುದಿಲ್ಲ. ಸ್ಕ್ಯಾನರ್ "ಎಲ್ಲಿಂದ" ಎಂಬುದರ ಸುಳಿವು ಕೊಟ್ಟೀತು, "ಎಷ್ಟು" ಎಂಬುದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ "ಯಾವ ಪರೀಕ್ಷೆ ಒಳ್ಳೆಯದು" ಎಂದು ಕೇಳುವ ಮೊದಲು, ನಿಮ್ಮದು ಯಾವ ಗಾಡಿ ಮತ್ತು ಮೂರರಲ್ಲಿ ಯಾವ ಪ್ರಶ್ನೆಗೆ ನಿಮಗೆ ಉತ್ತರ ಬೇಕು ಎಂದು ತೀರ್ಮಾನಿಸಿಕೊಳ್ಳಿ.

ಸ್ವಲ್ಪ ಪೆಟ್ರೋಲ್ ಸೇರುವುದು ಸಹಜ

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಹೆಚ್ಚು ಪೆಟ್ರೋಲ್ ಬೇಕು. ಹಾಗೆ ಹೆಚ್ಚಾಗಿ ಬಂದದ್ದರಲ್ಲಿ ಒಂದಿಷ್ಟು ಉರಿಯದೆ ಸಿಲಿಂಡರ್ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುತ್ತದೆ. ಆಯಿಲ್ ಬಿಸಿಯಾದಾಗ ಅದರ ದೊಡ್ಡ ಪಾಲು ಆವಿಯಾಗಿ, ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ವಾಪಸ್ ಕಳಿಸುವ ಕವಾಟ) ಮೂಲಕ ಮತ್ತೆ ಇನ್‌ಟೇಕ್‌ಗೆ, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ದಾರಿಗೆ, ಹೋಗಿ ಉರಿದುಹೋಗುತ್ತದೆ. ಸೇರುವುದು ಮತ್ತು ಆರಿಹೋಗುವುದು ಸರಿತೂಗಿದರೆ ಚಿಂತೆಯಿಲ್ಲ. ಲೆಕ್ಕ ತಪ್ಪುವುದು ಆಯಿಲ್ ಬಿಸಿಯಾಗುವ ಮೊದಲೇ ಎಂಜಿನ್ ಆಫ್ ಆಗುತ್ತಿದ್ದರೆ, ಇಲ್ಲವೇ ಯಾವುದೋ ಭಾಗ ಕೆಟ್ಟು ಪೆಟ್ರೋಲ್ ಸುಮ್ಮನೆ ಸುರಿಯುತ್ತಿದ್ದರೆ.

ಡ್ಯಾಶ್‌ಬೋರ್ಡ್‌ನ ಟೆಂಪರೇಚರ್ ಮುಳ್ಳು ನಡುವಿಗೆ ಬಂದ ಕೂಡಲೇ ಎಂಜಿನ್ ಬಿಸಿಯಾಯಿತು ಅಂದುಕೊಳ್ಳುತ್ತೇವೆ. ಆ ಮುಳ್ಳು ತೋರಿಸುವುದು ಕೂಲೆಂಟ್‌ನ ಬಿಸಿಯನ್ನು. ಆಯಿಲ್ ಅದೇ ಮಟ್ಟಕ್ಕೆ ಬರಲು ಇನ್ನೂ ಹೊತ್ತು ಹಿಡಿಯುತ್ತದೆ. ಮನೆಯಿಂದ ಎರಡು ಕಿಲೋಮೀಟರ್ ದೂರದ ಸ್ಕೂಲಿಗೆ ಮಗುವನ್ನು ಬಿಟ್ಟು ಬರುವ ಕಾರು, ಚಳಿಗಾಲದ ಮಡಿಕೇರಿಯಲ್ಲಿ ಅಂಗಡಿಗಷ್ಟೇ ಹೋಗಿಬರುವ ಕಾರು, ಇವುಗಳ ಆಯಿಲ್ ಬಹುಪಾಲು ದಿನ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಒಂದು ಗಂಟೆ ತೆವಳುವ ಕಾರಿನ ಕಥೆ ಬೇರೆ. ದೂರ ಕಡಿಮೆಯಾದರೂ ಎಂಜಿನ್ ಓಡಿದ ಹೊತ್ತು ಜಾಸ್ತಿ, ಆಯಿಲ್ ಚೆನ್ನಾಗಿ ಕಾಯುತ್ತದೆ. ಹಾಗಾಗಿ ಕಿಲೋಮೀಟರ್ ನೋಡಿ ತೀರ್ಮಾನಕ್ಕೆ ಬರಬೇಡಿ.

ಪೆಟ್ರೋಲ್ ಒಂದೇ ಉಷ್ಣಾಂಶದಲ್ಲಿ ಕುದಿಯುವ ವಸ್ತುವಲ್ಲ. ಅದರ ಹಗುರ ಭಾಗ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹಾರಲು ಶುರುವಾದರೆ, ಭಾರದ ಬಾಲ 200 ಡಿಗ್ರಿಯವರೆಗೂ ಎಳೆಯುತ್ತದೆ. "ಹೈವೇಲಿ ಒಂದು ರೌಂಡ್ ಹೊಡೆದು ಬನ್ನಿ, ಎಲ್ಲ ಆರಿಹೋಗುತ್ತೆ" ಎನ್ನುವ ಸಲಹೆ ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಆಯಿಲ್‌ನಲ್ಲೇ ಕೂರುತ್ತದೆ.

ಮನೆಯಲ್ಲೇ ಮಾಡುವ ಪರೀಕ್ಷೆಗಳು: ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು

ಮೂಗಿನಿಂದ ಶುರು ಮಾಡೋಣ, ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ಬಳಸಿದ ಆಯಿಲ್‌ಗೆ ಹೇಗೂ ಒಂದು ಕಮಟು ವಾಸನೆ ಇರುತ್ತದೆ, ಅದರಲ್ಲಿ ಪೆಟ್ರೋಲ್‌ನ ಎಳೆಯೂ ಇರುತ್ತದೆ. ಸಂಜೆ ಗಾಡಿ ನಿಲ್ಲಿಸಿದ ತಕ್ಷಣ ಮೂಸಿದರೆ ಏನೂ ತಿಳಿಯದು. ರಾತ್ರಿಯಿಡೀ ನಿಂತ ಗಾಡಿಯ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಬೆಳಿಗ್ಗೆ ಎಳೆದು, ಟಿಶ್ಯೂ ಪೇಪರ್ ಮೇಲೆ ಒರೆಸಿ, ಪಕ್ಕದಲ್ಲಿ ಹೊಸ ಆಯಿಲ್‌ನ ಒಂದು ಹನಿ ಒರೆಸಿ, ಎರಡನ್ನೂ ಒಂದಾದ ಮೇಲೊಂದು ಮೂಸಿ. ಬಂಕಿನಲ್ಲಿ ನಿಂತಂತೆ ಮೂಗಿಗೆ ಹೊಡೆದರೆ ಪೆಟ್ರೋಲ್ ಗಣನೀಯವಾಗಿ ಸೇರಿದೆ ಎಂದೇ ಅರ್ಥ. "ಇದೆಯೋ ಇಲ್ಲವೋ" ಅನ್ನಿಸಿದರೆ ಆ ಪರೀಕ್ಷೆಯಿಂದ ಏನೂ ಸಾಬೀತಾಗಲಿಲ್ಲ ಎಂದುಕೊಂಡು ಮುಂದೆ ಹೋಗಿ.

ಇದಕ್ಕಿಂತ ಬಹಳ ಗಟ್ಟಿಯಾದದ್ದು ಡಿಪ್‌ಸ್ಟಿಕ್‌ನ ಮಟ್ಟ. ಆರೋಗ್ಯವಂತ ಎಂಜಿನ್‌ನಲ್ಲಿ ಆಯಿಲ್ ಕಡಿಮೆಯಾಗುತ್ತದೆ, ಇಲ್ಲವೇ ಇದ್ದಷ್ಟೇ ಇರುತ್ತದೆ. ಏರಿದರೆ ಹೊರಗಿನದ್ದೇನೋ ಒಳಗೆ ಬಂದಿದೆ: ಪೆಟ್ರೋಲ್ ಅಥವಾ ನೀರು. ನೀರು ಬೆರೆತರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಪೆಟ್ರೋಲ್ ಬೆರೆತರೆ ಬಣ್ಣ ಹಾಗೇ ಇದ್ದು ತೆಳ್ಳಗಾಗುತ್ತದೆ, ಡಿಪ್‌ಸ್ಟಿಕ್‌ನಿಂದ ನೀರಿನ ಹಾಗೆ ತಟಕ್ ತಟಕ್ ಎಂದು ತೊಟ್ಟಿಕ್ಕುತ್ತದೆ. ಮಲೆನಾಡಿನವರಿಗೆ ಒಂದು ಮಾತು: ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳದ ಒಳಗಡೆ ಮಾತ್ರ ಬೆಣ್ಣೆಯಂಥ ಕೆನೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೆದರಬೇಡಿ. ಅದು ಸಾಮಾನ್ಯವಾಗಿ ಗಾಳಿಯ ತೇವ, ಪುಟ್ಟ ಓಡಾಟದ ಫಲ. ಡಿಪ್‌ಸ್ಟಿಕ್ ಮೇಲೂ ಅದೇ ಬಣ್ಣ ಕಂಡರೆ ಆಗ ಯೋಚಿಸಿ.

ಮಟ್ಟ ನೋಡುವುದಕ್ಕೂ ಒಂದು ಶಿಸ್ತು ಬೇಕು. ಪ್ರತಿ ಸಲ ಒಂದೇ ಜಾಗ, ಸಮತಟ್ಟಾದ ನೆಲ, ಬೆಳಗಿನ ತಣ್ಣನೆ ಎಂಜಿನ್. ಬೈಕಾದರೆ ಸೆಂಟರ್ ಸ್ಟ್ಯಾಂಡ್ ಮೇಲೆ. ಕೆಲವು ಬೈಕಿನಲ್ಲಿ ಡಿಪ್‌ಸ್ಟಿಕ್ ತಿರುಗಿಸಿ ಬಿಗಿ ಮಾಡದೆ ಸುಮ್ಮನೆ ಇಟ್ಟು ನೋಡಬೇಕು, ಕೆಲವದರಲ್ಲಿ ಬಿಗಿ ಮಾಡಿ. ಯಾವುದೆಂದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಎರಡನ್ನೂ ಬೆರೆಸಿದರೆ ಇಲ್ಲದ ಪೆಟ್ರೋಲ್ ಕಾಣಿಸುತ್ತದೆ. ಸರ್ವೀಸ್‌ನವರು ಮೊದಲೇ ಜಾಸ್ತಿ ಸುರಿದಿರುವುದೂ ಉಂಟು, ಹಾಗಾಗಿ ಸರ್ವೀಸ್ ಆಗಿ ಬಂದ ಮರುದಿನವೇ ಮಟ್ಟ ನೋಡಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ತಿಂಗಳ ಹೋಲಿಕೆಗೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಡಿಪ್‌ಸ್ಟಿಕ್‌ನ ಒಂದು ಮೋಸವನ್ನು ಮಾತ್ರ ನೆನಪಿಡಬೇಕು. ಸವೆದ ಎಂಜಿನ್ ಆಯಿಲ್ ಕುಡಿಯುತ್ತದೆ, ಅದೇ ಹೊತ್ತಿಗೆ ಸವೆದ ರಿಂಗ್ ಮೂಲಕ ಪೆಟ್ರೋಲ್ ಇಳಿಯುತ್ತದೆ. ಅಷ್ಟು ಹೋಗಿ ಅಷ್ಟೇ ಬಂದರೆ ಮಟ್ಟ ತಿಂಗಳುಗಟ್ಟಲೆ ಅಲ್ಲಾಡುವುದಿಲ್ಲ. "ನನ್ನ ಗಾಡಿ ಒಂದು ತೊಟ್ಟು ಆಯಿಲ್ ಕುಡಿಯಲ್ಲ" ಎಂದು ಲಕ್ಷ ಕಿಲೋಮೀಟರ್ ದಾಟಿದ ಗಾಡಿಯವರು ಹೆಮ್ಮೆಪಟ್ಟಾಗ ನನಗೆ ಮೊದಲು ಹೊಳೆಯುವ ಅನುಮಾನ ಇದು.

ಬ್ಲಾಟಿಂಗ್ ಪೇಪರ್ ಮೇಲೆ ಹನಿ ಹಾಕಿ ಉಂಗುರ ನೋಡುವ ಪರೀಕ್ಷೆಯ ವಿಡಿಯೊಗಳು ಬೇಕಾದಷ್ಟಿವೆ. ಮಸಿ, ನೀರು, ಆಯಿಲ್‌ನ ಒಟ್ಟಾರೆ ಸ್ಥಿತಿ ತಿಳಿಯಲು ಅದು ಪರವಾಗಿಲ್ಲ. ಡೀಸೆಲ್ ಬೆರೆತಿದ್ದರೆ ಹೊರಗೊಂದು ಉಂಗುರ ಉಳಿದು ಕಾಣುವುದೂ ಇದೆ. ಪೆಟ್ರೋಲ್‌ನದ್ದು ಹಾಗಲ್ಲ, ಕಾಗದದ ಮೇಲೆ ಹರಡುತ್ತಲೇ ಹಾರಿಹೋಗುತ್ತದೆ. ಪೆಟ್ರೋಲ್ ಹುಡುಕುವ ಕೆಲಸಕ್ಕೆ ನಾನು ಇದನ್ನು ಆರಿಸುವುದಿಲ್ಲ.

ಗಾಜಿನ ಪಟ್ಟಿಯ ಪರೀಕ್ಷೆ ಇದಕ್ಕಿಂತ ಮೇಲು. ಒಂದು ಗಾಜಿನ ತುಂಡಿನ ಮೇಲ್ತುದಿಯಲ್ಲಿ ಹೊಸ ಆಯಿಲ್‌ನ ಹನಿ, ಅದರ ಪಕ್ಕದಲ್ಲೇ ಎಂಜಿನ್‌ನಿಂದ ತೆಗೆದು ತಣ್ಣಗಾಗಿಸಿದ ಆಯಿಲ್‌ನ ಅಷ್ಟೇ ದೊಡ್ಡ ಹನಿ. ಗಾಜನ್ನು ಓರೆ ಮಾಡಿ, ಯಾವುದು ಮೊದಲು ಕೆಳಗೆ ಮುಟ್ಟುತ್ತದೆ ನೋಡಿ. ಎರಡೂ ಒಂದೇ ಬ್ರಾಂಡ್, ಒಂದೇ ಗ್ರೇಡ್ ಆಗಿರಲೇಬೇಕು. ಹಳೆಯದು ಎದ್ದುಕಾಣುವಷ್ಟು ಮುಂದೆ ಓಡಿದರೆ ತೆಳ್ಳಗಾಗಿದೆ ಎಂಬುದು ಖಚಿತ. ತೆಳ್ಳಗಾಗಲು ಪೆಟ್ರೋಲೇ ಕಾರಣ ಎಂಬುದು ಮಾತ್ರ ಖಚಿತವಲ್ಲ. ಮಲ್ಟಿಗ್ರೇಡ್ ಆಯಿಲ್‌ನಲ್ಲಿ ದಪ್ಪ ಕಾಯ್ದುಕೊಳ್ಳಲು ಸೇರಿಸಿದ ಪಾಲಿಮರ್‌ಗಳು ಓಡುತ್ತ ಓಡುತ್ತ ತುಂಡಾಗುತ್ತವೆ. ಎಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಆಯಿಲ್ ಇರುವ ಬೈಕುಗಳಲ್ಲಿ ಇದು ಇನ್ನೂ ಬೇಗ. ವಾಸನೆ, ಏರಿದ ಮಟ್ಟ, ಗಾಜಿನ ಮೇಲಿನ ಓಟ, ಮೂರೂ ಒಂದೇ ಮಾತು ಹೇಳಿದರೆ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಬಿಡಬೇಕಾದವು ಎರಡು. ಮೊದಲನೆಯದು ಬಾಟಲಿಯ ಪರೀಕ್ಷೆ: ಆಯಿಲನ್ನು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಇಟ್ಟರೆ ಪೆಟ್ರೋಲ್ ಮೇಲೆ ತೇಲುತ್ತದೆ ಎಂಬ ನಂಬಿಕೆ. ತೇಲುವುದಿಲ್ಲ. ಪೆಟ್ರೋಲ್ ಮತ್ತು ಆಯಿಲ್ ಎರಡೂ ಒಂದೇ ಮೂಲದವು, ಒಂದರಲ್ಲೊಂದು ಪೂರ್ತಿ ಕರಗುತ್ತವೆ. ಬೇರೆಯಾಗಿ ಕೆಳಗೆ ಕೂರುವುದು ನೀರು ಮಾತ್ರ. ಎರಡನೆಯದು ಬೆಂಕಿಕಡ್ಡಿಯ ಪರೀಕ್ಷೆ. ಕಾಗದಕ್ಕೆ ಆಯಿಲ್ ಸವರಿ ಕಡ್ಡಿ ಗೀರುವುದನ್ನು ರಸ್ತೆಬದಿಯಲ್ಲಿ ನೋಡಿರಬಹುದು. ಪೆಟ್ರೋಲ್‌ನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಒಳ್ಳೆಯ ಎಂಜಿನ್ ಆಯಿಲ್‌ಗೆ ಅದೇ ಕೆಲಸಕ್ಕೆ ಸುಮಾರು 200 ಡಿಗ್ರಿ ಬೇಕು. ತತ್ವವೇನೋ ಸರಿ, ಲ್ಯಾಬಿನವರೂ ಅದನ್ನೇ ಬಳಸುತ್ತಾರೆ. ಆದರೆ ಲ್ಯಾಬಿನಲ್ಲಿ ಅದಕ್ಕೆಂದೇ ಮಾಡಿದ ಉಪಕರಣವಿದೆ. ಗ್ಯಾರೇಜಿನಲ್ಲಿ ಪಕ್ಕದಲ್ಲೇ ತೆರೆದ ಟ್ಯಾಂಕ್ ಇರುತ್ತದೆ.

ಕಾರ್ಬುರೇಟರ್ ಬೈಕು: ಲ್ಯಾಬು ಬೇಡ, ಎರಡು ರಾತ್ರಿ ಸಾಕು

2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ನಮ್ಮ ಬೈಕು, ಸ್ಕೂಟರುಗಳಲ್ಲಿ ಹೆಚ್ಚಿನವು ಫ್ಯುಯೆಲ್ ಇಂಜೆಕ್ಷನ್‌ಗೆ ಬದಲಾದವು. ಅದಕ್ಕಿಂತ ಹಳೆಯವು ಇನ್ನೂ ರಸ್ತೆ ತುಂಬ ಓಡುತ್ತಿವೆ, ಆಯಿಲ್‌ಗೆ ಪೆಟ್ರೋಲ್ ಸುರಿಯುವ ವಿಷಯದಲ್ಲಿ ಅವೇ ಮುಂದು. ಟ್ಯಾಂಕ್ ಮೇಲೆ, ಕಾರ್ಬುರೇಟರ್ ಕೆಳಗೆ. ನಡುವೆ ತಡೆಯಾಗಿ ಇರುವುದು ಪೆಟ್ರೋಲ್ ನಲ್ಲಿ (ಟ್ಯಾಪ್) ಮತ್ತು ಫ್ಲೋಟ್ ಚೇಂಬರಿನ ಸಣ್ಣ ನೀಡಲ್ ವಾಲ್ವ್. ನೀಡಲ್‌ನ ರಬ್ಬರ್ ತುದಿ ಸವೆದರೆ, ಅಥವಾ ಅದರ ಸೀಟಿನಲ್ಲಿ ಒಂದು ಕಸದ ಕಣ ಸಿಕ್ಕಿಕೊಂಡರೆ, ಗಾಡಿ ನಿಂತಿದ್ದಾಗಲೂ ಪೆಟ್ರೋಲ್ ಇಳಿಯುತ್ತಲೇ ಇರುತ್ತದೆ. ಅದೃಷ್ಟವಿದ್ದರೆ ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ತೊಟ್ಟಿಕ್ಕಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಆ ಪೈಪು ಮಣ್ಣು ಕಟ್ಟಿಕೊಂಡಿದ್ದರೆ ಇನ್‌ಟೇಕ್ ದಾಟಿ, ತೆರೆದ ವಾಲ್ವ್ ಮೂಲಕ ಸಿಲಿಂಡರ್‌ಗೆ, ಅಲ್ಲಿಂದ ಆಯಿಲ್‌ಗೆ ಇಳಿಯುತ್ತದೆ.

ನೂರು ಸಿಸಿ ಬೈಕಿನಲ್ಲಿ ಇರುವುದೇ ಒಂದು ಲೀಟರಿನ ಆಸುಪಾಸಿನ ಆಯಿಲ್. ಅದಕ್ಕೆ ನೂರು ಮಿಲಿ ಪೆಟ್ರೋಲ್ ಸೇರಿದರೂ ಶೇ 10ರ ಹತ್ತಿರ. ನಾಲ್ಕು ಲೀಟರಿನ ಕಾರಿನಲ್ಲಿ ಅಷ್ಟೇ ಪೆಟ್ರೋಲ್ ಬಿದ್ದರೆ ಲ್ಯಾಬಿಗೆ ಮಾತ್ರ ಕಾಣಿಸೀತು. ಆದ್ದರಿಂದ ಬೈಕಿಗೆ ಡಿಪ್‌ಸ್ಟಿಕ್ಕೇ ಸಾಕು, ಅಂಗೈ ಹುಣ್ಣಿಗೆ ಕನ್ನಡಿ ಬೇಡ.

ಮಟ್ಟ ಏರಿದೆ, ವಾಸನೆಯೂ ಇದೆ ಅಂದರೆ ಮೊದಲು ಕಿಕ್ ಹೊಡೆಯುವುದು, ಸೆಲ್ಫ್ ಒತ್ತುವುದು ನಿಲ್ಲಿಸಿ. ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿದ್ದರೆ ಪಿಸ್ಟನ್ ಮೇಲೆ ಬರಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ, ತೋಯ್ದಿದ್ದರೆ ಉತ್ತರ ಕೈಯಲ್ಲೇ ಇದೆ. ಆಮೇಲೆ ಹಳೆಯ ಆಯಿಲನ್ನು ಅಳತೆ ಪಾತ್ರೆಗೆ ಇಳಿಸಿ. ಹಾಕಿದ್ದು 900 ಮಿಲಿ, ಇಳಿದದ್ದು 1 ಲೀಟರ್ ಎಂದಾದರೆ ಸುಮಾರು ಶೇ 10 ಬೆರಕೆ. "ಎಷ್ಟು" ಎಂಬ ಪ್ರಶ್ನೆಗೆ ದುಡ್ಡಿಲ್ಲದೆ ಸಿಗುವ ಉತ್ತರ ಇದು.

"ಎಲ್ಲಿಂದ" ಎಂಬುದಕ್ಕೆ ಎರಡು ರಾತ್ರಿ ಬೇಕು. ಹೊಸ ಆಯಿಲ್ ಹಾಕಿ, ಡಿಪ್‌ಸ್ಟಿಕ್ ಮೇಲೆ ಮಟ್ಟ ಗುರುತು ಮಾಡಿ. ಮೊದಲ ರಾತ್ರಿ ಪೆಟ್ರೋಲ್ ನಲ್ಲಿ ಆಫ್ ಮಾಡಿ ನಿಲ್ಲಿಸಿ, ಎರಡನೇ ರಾತ್ರಿ ಆನ್ ಇಟ್ಟು ನಿಲ್ಲಿಸಿ. ಜಾಗ ಗಾಳಿಯಾಡುವಂತಿರಲಿ, ಅಡುಗೆಮನೆ, ದೇವರ ದೀಪ ಯಾವುದೂ ಹತ್ತಿರ ಬೇಡ. ಆನ್ ಇಟ್ಟ ರಾತ್ರಿ ಮಾತ್ರ ಏರಿದರೆ ನೀಡಲ್ ವಾಲ್ವ್ ಹೋಗಿದೆ. ಆಫ್ ಇದ್ದಾಗಲೂ ಏರಿದರೆ ನಲ್ಲಿಯೂ ಸೋರುತ್ತಿದೆ. ಎರಡೂ ರಾತ್ರಿ ಏರದೆ ಓಡಿಸಿದಾಗ ಮಾತ್ರ ನಿಧಾನಕ್ಕೆ ಏರುತ್ತಿದ್ದರೆ ಚೋಕ್ ಪೂರ್ತಿ ಆಫ್ ಆಗುತ್ತಿಲ್ಲ, ಮಿಕ್ಸ್ಚರ್ ರಿಚ್ ಆಗಿದೆ ಅಥವಾ ರಿಂಗ್ ಸವೆದಿದೆ, ಈ ಕಡೆ ಹುಡುಕಬೇಕು. ವ್ಯಾಕ್ಯೂಮ್‌ನಿಂದ ತೆರೆಯುವ ಆಟೊ ನಲ್ಲಿ ಇರುವ ಸ್ಕೂಟರುಗಳಲ್ಲಿ ಆನ್ ಆಫ್ ಇರುವುದಿಲ್ಲ. ಅಲ್ಲಿ ವ್ಯಾಕ್ಯೂಮ್ ಹೋಸ್ ಕಳಚಿ ನೋಡಿ. ಅದರೊಳಗೆ ಪೆಟ್ರೋಲ್ ಒದ್ದೆ ಕಂಡರೆ ನಲ್ಲಿಯ ಡಯಾಫ್ರಾಮ್ ಹರಿದಿದೆ, ಪೆಟ್ರೋಲ್ ಅದೇ ಹೋಸ್‌ನಲ್ಲಿ ನೇರ ಎಂಜಿನ್‌ಗೆ ಹೋಗುತ್ತಿದೆ.

ಹಳೆಯ ಕಬ್ಬಿಣದ ಎಂಜಿನ್‌ನ ಬುಲೆಟ್ ಇರುವವರು ಡಿಪ್‌ಸ್ಟಿಕ್ ವಿಷಯದಲ್ಲಿ ಬೇರೆ ಜಾಗ್ರತೆ ವಹಿಸಬೇಕು. ಬಹಳ ದಿನ ನಿಂತರೆ ಅದರಲ್ಲಿ ಆಯಿಲ್ ತನ್ನ ಕೋಣೆಯಿಂದ ಕ್ರ್ಯಾಂಕ್‌ಕೇಸಿಗೆ ಸೋರಿ, ಕಡ್ಡಿಯಲ್ಲಿ ಮಟ್ಟ ಕಡಿಮೆ ಕಾಣುತ್ತದೆ. ಆರ್‌ಎಕ್ಸ್ 100ನಂಥ ಟೂ ಸ್ಟ್ರೋಕ್‌ಗಳಿಗೆ ಈ ಚರ್ಚೆಯೇ ಅನ್ವಯಿಸುವುದಿಲ್ಲ, ಅಲ್ಲಿ ಪೆಟ್ರೋಲ್ ಕ್ರ್ಯಾಂಕ್‌ಕೇಸಿನ ಮೂಲಕವೇ ಹೋಗಬೇಕು.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಕಾರ್ಬುರೇಟರ್ ಕಾಲದ ಮಾರುತಿ 800 ಇಟ್ಟುಕೊಂಡವರು ನೀಡಲ್ ವಾಲ್ವ್‌ಗಿಂತ ಮೊದಲು ಅನುಮಾನಿಸಬೇಕಾದದ್ದು ಎಂಜಿನ್‌ನಿಂದಲೇ ನಡೆಯುವ ಮೆಕ್ಯಾನಿಕಲ್ ಫ್ಯುಯೆಲ್ ಪಂಪನ್ನು. ಅದರ ಡಯಾಫ್ರಾಮ್ ಹರಿದರೆ ಎಂಜಿನ್ ಓಡಿದಷ್ಟು ಹೊತ್ತೂ ಪೆಟ್ರೋಲ್ ಎಂಜಿನ್ ತಳದ ಆಯಿಲ್ ಸಂಪಿಗೆ ಹೋಗಬಹುದು, ಮಟ್ಟ ಬೇಗ ಏರುತ್ತದೆ. ಇಲ್ಲಿ ಹೆಚ್ಚು ಯೋಚಿಸದೆ ಪಂಪ್ ಬಿಚ್ಚಿ ನೋಡುವುದೇ ಪರೀಕ್ಷೆ.

ಎಂಪಿಎಫ್‌ಐ ಕಾರು: ಸ್ಕ್ಯಾನರ್ ಮತ್ತು ಒಂದು ಹೋಸ್

ಎಂಪಿಎಫ್‌ಐ ಅಂದರೆ ಮಲ್ಟಿ ಪಾಯಿಂಟ್ ಫ್ಯುಯೆಲ್ ಇಂಜೆಕ್ಷನ್: ಇಂಥ ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರ್ ಇನ್‌ಟೇಕ್ ಪೋರ್ಟಿಗೆ ಪೆಟ್ರೋಲ್ ಸಿಂಪಡಿಸುತ್ತದೆ. ಇವುಗಳಲ್ಲಿ ಸಮಸ್ಯೆ ಅಪರೂಪ. ಬಂದರೆ ಕಾರಣ ಸೋರುವ ಇಂಜೆಕ್ಟರ್, ಒಂದು ಸಿಲಿಂಡರಿನಲ್ಲಿ ಮಿಸ್‌ಫೈರ್, ಸದಾ ಎಂಜಿನ್ ತಣ್ಣಗಿದೆ ಎಂದು ಸುಳ್ಳು ಹೇಳುವ ಕೂಲೆಂಟ್ ಸೆನ್ಸರ್, ಅಥವಾ ತೆರೆದೇ ಉಳಿದು ಎಂಜಿನ್ ಬಿಸಿಯಾಗಲು ಬಿಡದ ಥರ್ಮೋಸ್ಟಾಟ್. ಕೊನೆಯ ಎರಡನ್ನು ಜನ ಮರೆಯುತ್ತಾರೆ. ಎಂಜಿನ್ ತಣ್ಣಗಿದೆ ಎಂದು ಇಸಿಯು (ಎಂಜಿನ್‌ನ ಕಂಪ್ಯೂಟರ್) ನಂಬಿದಷ್ಟು ಹೊತ್ತೂ ಹೆಚ್ಚುವರಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ನಮ್ಮಲ್ಲಿ "ಓವರ್‌ಹೀಟ್ ಆಗೋದೇ ಬೇಡ" ಎಂದು ಥರ್ಮೋಸ್ಟಾಟ್ ಕಿತ್ತೇ ಹಾಕುವ ಚಾಳಿಯೂ ಇದೆ. ಅಂಥ ಕಾರಿನ ಆಯಿಲ್ ತೆಳ್ಳಗಾಗುತ್ತಿದ್ದರೆ ಬೇರೆಲ್ಲ ಬಿಟ್ಟು ಮೊದಲು ಅದನ್ನು ವಾಪಸ್ ಹಾಕಿಸಿ.

ಇಲ್ಲಿ ಓಬಿಡಿ ಸ್ಕ್ಯಾನರ್ (ಇಸಿಯುವಿನ ಅಂಕಿಗಳನ್ನು ಓದುವ ಸಾಧನ) ಒಳ್ಳೆಯ ಆಯ್ಕೆ. ಫೋನಿಗೆ ಬ್ಲೂಟೂತ್ ಮೂಲಕ ಕೂಡುವ ಅಗ್ಗದ ಅಡಾಪ್ಟರ್ ಸಾಕು. ನೋಡಬೇಕಾದದ್ದು ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಹಾಕುತ್ತಿದೆ ಎಂಬ ಅಂಕಿ. ಸೊನ್ನೆಯ ಎರಡೂ ಕಡೆ ಹತ್ತರೊಳಗೆ ಇದ್ದರೆ ಸಾಮಾನ್ಯ. ಆಯಿಲ್‌ನಲ್ಲಿ ಪೆಟ್ರೋಲ್ ಇದ್ದರೆ, ಎಂಜಿನ್ ಚೆನ್ನಾಗಿ ಬಿಸಿಯಾಗಿ ಐಡಲ್‌ನಲ್ಲಿ ನಿಂತಾಗ ಅದರ ಆವಿ ಪಿಸಿವಿ ಮೂಲಕ ಇನ್‌ಟೇಕ್‌ಗೆ ಬರುತ್ತದೆ. ಕರೆಯದೆ ಬಂದ ಈ ಪೆಟ್ರೋಲನ್ನು ಸರಿದೂಗಿಸಲು ಇಸಿಯು ಇಂಜೆಕ್ಟರ್ ಕಡಿತ ಮಾಡುತ್ತದೆ, ಟ್ರಿಮ್ ಮೈನಸ್‌ಗೆ ಇಳಿಯುತ್ತದೆ.

ಈಗ ಹೋಸ್‌ನ ಕೆಲಸ. ಬಿಸಿ ಐಡಲ್‌ನಲ್ಲಿ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಟ್ರಿಮ್ ಎರಡನ್ನೂ ಕೂಡಿಸಿ ಬರೆದುಕೊಳ್ಳಿ. ಪಿಸಿವಿ ವಾಲ್ವನ್ನು ಎಂಜಿನ್ ಮೇಲಿನ ಕವರಿನಿಂದ ಎಳೆದು, ಇನ್‌ಟೇಕ್‌ಗೆ ಹೋಗುವ ಹೋಸ್‌ನ ಬಾಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಕವರಿನ ತೂತನ್ನೂ ಬಟ್ಟೆಯಿಂದ ಮುಚ್ಚಿ. ಹೋಸ್ ಮುಚ್ಚದಿದ್ದರೆ ಹೊರಗಿನ ಗಾಳಿ ನುಗ್ಗಿ ಅಂಕಿ ತಪ್ಪು ದಾರಿ ಹಿಡಿಯುತ್ತದೆ. ಒಂದೆರಡು ನಿಮಿಷದಲ್ಲಿ ಟ್ರಿಮ್ ಸೊನ್ನೆಯ ಕಡೆ ಏರಿ ಬಂದರೆ, ಹೆಚ್ಚುವರಿ ಪೆಟ್ರೋಲ್ ಬರುತ್ತಿದ್ದದ್ದು ಆಯಿಲ್‌ನಿಂದ. ಮೈನಸ್‌ನಲ್ಲೇ ಉಳಿದರೆ ಇಂಜೆಕ್ಟರ್ ಸೋರಿಕೆ, ಹೆಚ್ಚಿನ ಫ್ಯುಯೆಲ್ ಪ್ರೆಶರ್, ಟ್ಯಾಂಕಿನ ಆವಿ ತರುವ ಪರ್ಜ್ ವಾಲ್ವ್ ಇವುಗಳತ್ತ ತಿರುಗಿ. ಯಾವ ಸಿಲಿಂಡರ್ ಎಂದು ತಿಳಿಯಲು ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಡಿ. ಮೂರು ಕಂದು ಬಣ್ಣ, ಒಂದು ಮಸಿ ಕಪ್ಪು ಎಂದಾದರೆ ಹುಡುಕಾಟ ಅರ್ಧ ಮುಗಿಯಿತು.

ಟರ್ಬೊ ಕಾರುಗಳಲ್ಲಿ ಪಿಸಿವಿಯ ಜೋಡಣೆ ಕಗ್ಗಂಟು, ಹಲವದರಲ್ಲಿ ಅದು ಕವರಿನ ಒಳಗೇ ಇರುತ್ತದೆ. ಈ ಪರೀಕ್ಷೆಯನ್ನು ಅಲ್ಲಿ ಮಾಡಲು ಹೋಗಬೇಡಿ.

ಡೈರೆಕ್ಟ್ ಇಂಜೆಕ್ಷನ್ ಟರ್ಬೊ: ಲ್ಯಾಬಿಗೆ ದುಡ್ಡು ಕೊಡಬೇಕಾದದ್ದು ಇಲ್ಲಿ

ಫೋಕ್ಸ್‌ವ್ಯಾಗನ್, ಸ್ಕೋಡಾಗಳ ಟಿಎಸ್‌ಐ, ಹ್ಯುಂಡೈ, ಕಿಯಾಗಳ ಟಿ-ಜಿಡಿಐ, ಮಹೀಂದ್ರದ ಎಂಸ್ಟ್ಯಾಲಿಯನ್ ಟಿಜಿಡಿಐ, ಇವೆಲ್ಲ ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಭಾರಿ ಒತ್ತಡದಲ್ಲಿ ಚಿಮ್ಮಿಸುತ್ತವೆ. ಗೋಡೆಗೆ ತಾಗುವ ಸಾಧ್ಯತೆ ಹೆಚ್ಚು, ಹಾಗಾಗಿ ಆಯಿಲ್‌ಗೆ ಸ್ವಲ್ಪ ಪೆಟ್ರೋಲ್ ಸೇರುವುದು ಈ ವಿನ್ಯಾಸದ ಹುಟ್ಟುಗುಣ. ಹೋಂಡಾದ 1.5 ಲೀಟರ್ ಟರ್ಬೊ ಎಂಜಿನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಚೀನಾದ ಚಳಿ ಪ್ರದೇಶಗಳಲ್ಲಿ ಸಿಆರ್-ವಿಯ ಆಯಿಲ್ ಮಟ್ಟ ಏರುತ್ತಿದೆ ಎಂಬ ದೂರುಗಳಿಂದ 2018ರಲ್ಲಿ ಅಲ್ಲಿ ರೀಕಾಲ್ ಮಾಡಬೇಕಾಯಿತು, ಅಮೆರಿಕದಲ್ಲಿ ವಾರಂಟಿ ವಿಸ್ತರಿಸಿದರು. ಆ ತಲೆಮಾರಿನ ಸಿಆರ್-ವಿ ನಮ್ಮಲ್ಲಿಗೆ ಬಂದದ್ದು 2 ಲೀಟರ್ ಪೆಟ್ರೋಲ್ ಮತ್ತು 1.6 ಲೀಟರ್ ಡೀಸೆಲ್ ಎಂಜಿನ್‌ಗಳಲ್ಲಿ, ಆದ್ದರಿಂದ ಆ ಕಥೆ ಓದಿ ಇಲ್ಲಿನ ಹೋಂಡಾದವರು ನಿದ್ದೆಗೆಡಬೇಕಿಲ್ಲ. ಚಳಿ, ಪುಟ್ಟ ಓಡಾಟ, ಡೈರೆಕ್ಟ್ ಇಂಜೆಕ್ಷನ್ ಮೂರೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಅದೊಂದು ಸಾಕ್ಷಿ.

ಈ ಕಾರುಗಳಲ್ಲಿ ಪ್ರಶ್ನೆ "ಇದೆಯಾ" ಅಲ್ಲ, ಇದ್ದೇ ಇರುತ್ತದೆ. "ಎಷ್ಟು" ಎಂಬುದೇ ಪ್ರಶ್ನೆ. ಮೂಗು ಇಲ್ಲಿ ಸೋಲುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಶೇ 2ಕ್ಕೂ 4ಕ್ಕೂ ವ್ಯತ್ಯಾಸ ಕಾಣುವುದು ಕಷ್ಟ. ಆದ್ದರಿಂದ ಬಳಸಿದ ಆಯಿಲ್‌ನ ಲ್ಯಾಬ್ ಪರೀಕ್ಷೆ.

ಲ್ಯಾಬಿಗೆ ಕೊಡುವಾಗ "ಆಯಿಲ್ ಟೆಸ್ಟ್ ಮಾಡಿ" ಎಂದಷ್ಟೇ ಹೇಳಿದರೆ ಸಾಲದು. ಪೆಟ್ರೋಲ್ ಪ್ರಮಾಣವನ್ನು ಯಾವ ವಿಧಾನದಲ್ಲಿ ಅಳೆಯುತ್ತಾರೆ ಎಂದು ಕೇಳಿ. ಗ್ಯಾಸ್ ಕ್ರೊಮಾಟೊಗ್ರಫಿ, ಅಂದರೆ ಎಎಸ್‌ಟಿಎಂ ಡಿ3525ನಂಥ ವಿಧಾನ, ಪೆಟ್ರೋಲ್‌ನ ಅಣುಗಳನ್ನು ಆಯಿಲ್‌ನಿಂದ ಬೇರ್ಪಡಿಸಿ ನೇರ ಅಳೆಯುತ್ತದೆ. ಇದೇ ಬೇಕಾದದ್ದು. ಇನ್‌ಫ್ರಾರೆಡ್ ವಿಧಾನ ಅಗ್ಗ, ಆದರೆ ಪೆಟ್ರೋಲೂ ಹೈಡ್ರೊಕಾರ್ಬನ್, ಆಯಿಲೂ ಹೈಡ್ರೊಕಾರ್ಬನ್, ಆ ಬೆಳಕಿಗೆ ಎರಡರ ನಡುವಿನ ಗೆರೆ ಸ್ಪಷ್ಟವಾಗಿ ಕಾಣುವುದಿಲ್ಲ. ಕ್ರೊಮಾಟೊಗ್ರಫಿ ಸಿಗದಿದ್ದರೆ 100 ಡಿಗ್ರಿಯಲ್ಲಿ ವಿಸ್ಕಾಸಿಟಿ (ಆಯಿಲ್‌ನ ದಪ್ಪ) ಮತ್ತು ಫ್ಲ್ಯಾಶ್ ಪಾಯಿಂಟ್ (ಆವಿ ಕಿಡಿಗೆ ಹತ್ತಿಕೊಳ್ಳುವ ಉಷ್ಣಾಂಶ), ಈ ಎರಡನ್ನೂ ಒಟ್ಟಿಗೆ ಮಾಡಿಸಿ. ಒಂದನ್ನೇ ಮಾಡಿಸುವುದು ದಂಡ. ವಿಸ್ಕಾಸಿಟಿ ಮಾತ್ರ ಕುಸಿದು ಫ್ಲ್ಯಾಶ್ ಪಾಯಿಂಟ್ ಗಟ್ಟಿಯಾಗಿದ್ದರೆ ಪಾಲಿಮರ್ ತುಂಡಾಗಿದೆ, ಪೆಟ್ರೋಲ್ ಅಲ್ಲ. ಎರಡೂ ಕುಸಿದಿದ್ದರೆ ಪೆಟ್ರೋಲ್. ವಿಸ್ಕಾಸಿಟಿ ಹಾಗೇ ಇದ್ದು ಫ್ಲ್ಯಾಶ್ ಪಾಯಿಂಟ್ ಮಾತ್ರ ಬಿದ್ದಿದ್ದರೆ ಪೆಟ್ರೋಲ್ ತೆಳ್ಳಗೆ ಮಾಡಿದ್ದನ್ನು ಮಸಿ ಅಥವಾ ಆಕ್ಸಿಡೇಶನ್ ದಪ್ಪಗೆ ಮಾಡಿ ಮುಚ್ಚಿಹಾಕಿರುವ ಸಾಧ್ಯತೆ ಇದೆ. ನನ್ನ ಮಟ್ಟಿಗೆ ಇದು ಮೂರರಲ್ಲೂ ಕೆಟ್ಟದ್ದು, ಯಾಕೆಂದರೆ ಮನೆಯ ಯಾವ ಪರೀಕ್ಷೆಗೂ ಇದು ಸಿಗುವುದಿಲ್ಲ.

ಅಂಕಿ ಓದುವಾಗ ಒಂದು ಆಧಾರ: 5ಡಬ್ಲ್ಯು-30 ಆಯಿಲ್ 30ರ ಗ್ರೇಡಿನಲ್ಲಿ ಉಳಿಯಬೇಕಾದರೆ 100 ಡಿಗ್ರಿಯಲ್ಲಿ ವಿಸ್ಕಾಸಿಟಿ 9.3 ಸೆಂಟಿಸ್ಟೋಕ್ಸ್‌ಗಿಂತ ಕೆಳಗಿಳಿಯಬಾರದು. ಇಳಿದರೆ ಡಬ್ಬದ ಮೇಲೆ 30 ಎಂದಿದ್ದರೂ ಎಂಜಿನ್‌ನಲ್ಲಿರುವುದು 20. ಪೆಟ್ರೋಲ್ ಶೇ 2ರೊಳಗೆ ಇದ್ದರೆ ನಾನು ಏನೂ ಮಾಡುವುದಿಲ್ಲ. 2ರಿಂದ 5ರ ನಡುವೆ ಇದ್ದರೆ ಆಯಿಲ್ ಬದಲಿಸುವ ಅವಧಿಯನ್ನು ಅರ್ಧಕ್ಕೆ ಇಳಿಸಿ, ವಾರಕ್ಕೊಮ್ಮೆ ಮುಕ್ಕಾಲು ಗಂಟೆಯ ಹೈವೇ ಓಟ ಕೊಡುವುದು ಸಾಕು. 5 ದಾಟಿದರೆ ಇಂಜೆಕ್ಟರ್ ಮತ್ತು ಹೈ ಪ್ರೆಶರ್ ಪಂಪಿನ ಸೀಲ್ ತಪಾಸಣೆಗೆ ಸರ್ವೀಸ್ ಸೆಂಟರಿಗೆ ವರದಿ ಹಿಡಿದುಕೊಂಡೇ ಹೋಗಿ. ಬಾಯಿಮಾತಿನ ದೂರಿಗೆ "ಎಲ್ಲ ಗಾಡಿಯಲ್ಲೂ ಹೀಗೇ ಸಾರ್" ಎನ್ನುವವರು ಮುದ್ರಿತ ಅಂಕಿಗೆ ಬೇರೆ ರೀತಿ ಮಾತಾಡುತ್ತಾರೆ. ಅದೇ ವರದಿಯಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳನ್ನೂ ನೋಡಿ. ಪೆಟ್ರೋಲ್ ಇದ್ದೂ ಲೋಹ ಏರದಿದ್ದರೆ ಸವೆತ ಇನ್ನೂ ಶುರುವಾಗಿಲ್ಲ, ಆತುರ ಬೇಡ.

ಸ್ಯಾಂಪಲ್ ತೆಗೆಯುವ ರೀತಿಯಲ್ಲೇ ಅರ್ಧ ಫಲಿತಾಂಶ ಕೆಡುತ್ತದೆ. ಹೈವೇ ಓಟ ಮುಗಿಸಿ ತೆಗೆದರೆ ಪೆಟ್ರೋಲ್ ಆರಿಹೋಗಿ ಅಂಕಿ ಚೆನ್ನಾಗಿ ಬರುತ್ತದೆ. ನಿಮ್ಮ ಮಾಮೂಲಿ ಓಡಾಟದ ವಾರದ ಕೊನೆಗೆ ತೆಗೆಯಿರಿ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಮೊದಲು ಬಂದದ್ದನ್ನು ಬಿಟ್ಟು, ನಡುವಿನ ಧಾರೆಯನ್ನು ಒಣಗಿದ ಸ್ವಚ್ಛ ಬಾಟಲಿಗೆ ಹಿಡಿದು ತಕ್ಷಣ ಮುಚ್ಚಳ ಬಿಗಿ ಮಾಡಿ. ಹಳೆಯ ನೀರಿನ ಬಾಟಲಿ ಬೇಡ. ಹೊಸ ಡಬ್ಬದಿಂದ ಒಂದು ಸ್ಯಾಂಪಲ್ ಜೊತೆಗೆ ಕಳಿಸಿದರೆ ಹೋಲಿಸಲು ನೆಲೆ ಸಿಗುತ್ತದೆ.

ಇ20 ಬಂದ ಮೇಲೆ

2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್‌ಗೆ ಚಾಲನೆ ಕೊಟ್ಟರು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಆಯಿಲ್ ಪರೀಕ್ಷೆಯ ಮಟ್ಟಿಗೆ ಅದರ ಪರಿಣಾಮ ಎರಡು. ಎಥೆನಾಲ್ 78 ಡಿಗ್ರಿಯಲ್ಲೇ ಕುದಿಯುವುದರಿಂದ ಬಿಸಿ ಆಯಿಲ್‌ನಿಂದ ಬೇಗ ಹೊರಟುಹೋಗುತ್ತದೆ. ಆದರೆ ತಣ್ಣನೆ ಎಂಜಿನ್‌ನಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ, ನೀರನ್ನು ಬೇರೆ ಹಿಡಿದುಕೊಳ್ಳುತ್ತದೆ. ಪುಟ್ಟ ಓಡಾಟದ ಗಾಡಿಗಳಲ್ಲಿ ಮುಚ್ಚಳದ ಕೆನೆ ಇನ್ನಷ್ಟು ಕಂಡೀತು. ಸಂಶಯವಿದ್ದರೆ ಲ್ಯಾಬಿನಲ್ಲಿ ನೀರಿನ ಅಂಶವನ್ನೂ ಕೇಳಿ. ಹಳೆಯ ಕಾರ್ಬುರೇಟರ್ ಗಾಡಿಗಳ ರಬ್ಬರ್ ಭಾಗಗಳಿಗೆ ಎಥೆನಾಲ್ ಒಗ್ಗದೇ ಇರಬಹುದು, ನೀಡಲ್ ಮತ್ತು ಡಯಾಫ್ರಾಮ್ ಬದಲಿಸುವಾಗ ಇ20ಗೆ ಹೊಂದುವ ಭಾಗವನ್ನೇ ಕೇಳಿ ತೆಗೆದುಕೊಳ್ಳಿ.

ಬಿಎಸ್6 ಡೀಸೆಲ್ ಕಾರುಗಳಲ್ಲೂ ಆಯಿಲ್ ಮಟ್ಟ ಏರುತ್ತದೆ, ಅಲ್ಲಿ ಕಾರಣ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಒಳಗಿನ ಮಸಿ ಸುಟ್ಟು ಸ್ವಚ್ಛ ಮಾಡಲು ಹೆಚ್ಚುವರಿಯಾಗಿ ಸಿಂಪಡಿಸುವ ಡೀಸೆಲ್. ಡೀಸೆಲ್ ಪೆಟ್ರೋಲ್‌ನಂತೆ ಆರಿಹೋಗುವುದಿಲ್ಲ, ಹೈವೇ ಓಟದಿಂದ ಸರಿಹೋಗುವ ನಿರೀಕ್ಷೆ ಬೇಡ. ಮಟ್ಟ ಮೇಲಿನ ಗುರುತು ದಾಟಿದರೆ ಬದಲಿಸುವುದೊಂದೇ ದಾರಿ.

ಪತ್ತೆಯಾದ ಮೇಲೆ

ಕಾರಣ ಸರಿಪಡಿಸಿದ ನಂತರವೇ ಆಯಿಲ್ ಬದಲಿಸಿ, ಫಿಲ್ಟರ್ ಸಮೇತ. ಆಯಿಲ್ ತೆಳ್ಳಗಾಗಿದೆ ಎಂದು 20ಡಬ್ಲ್ಯು-50ನಂಥ ದಪ್ಪ ಆಯಿಲ್ ಸುರಿದು ಸರಿದೂಗಿಸುವ ಉಪಾಯ ಕೆಲವರು ಹೇಳುತ್ತಾರೆ. ಸದ್ದು ನಿಲ್ಲುತ್ತದೆ, ಪೆಟ್ರೋಲ್ ಬರುವುದು ನಿಲ್ಲುವುದಿಲ್ಲ, ಮತ್ತು ಮುಂದಿನ ಗಾಜಿನ ಪರೀಕ್ಷೆಗೂ ಹೋಲಿಕೆಯ ಆಧಾರ ಹೋಗುತ್ತದೆ.

ಇಳಿಸಿದ ಆಯಿಲನ್ನು ಚರಂಡಿಗೆ ಸುರಿಯಬೇಡಿ ಎಂದು ಹೇಳಬೇಕಿಲ್ಲ. ನಮ್ಮ ಊರುಗಳಲ್ಲಿ ಅದನ್ನು ಬೇಲಿ ಕಂಬಕ್ಕೆ, ಮನೆಯ ತೊಲೆಗೆ ಗೆದ್ದಲು ಬಾರದಂತೆ ಬಳಿಯುವ ರೂಢಿಯೂ ಇದೆ. ಪೆಟ್ರೋಲ್ ಬೆರೆತ ಆಯಿಲನ್ನು ಅದಕ್ಕೆ ಕೊಡಬೇಡಿ, ಕೊಟ್ಟಿಗೆಯಲ್ಲಿ ಡಬ್ಬ ತುಂಬಿಸಿಯೂ ಇಡಬೇಡಿ. ಅದರಿಂದ ಏಳುವ ಆವಿ ಸಾಮಾನ್ಯ ಹಳೆ ಆಯಿಲ್‌ನದ್ದಲ್ಲ, ಒಂದು ಬೀಡಿಯ ಕಿಡಿ ಸಾಕು. ಮುಚ್ಚಳ ಬಿಗಿಯಾದ ಕ್ಯಾನಿಗೆ ಹಾಕಿ, ಹಳೆ ಆಯಿಲ್ ಒಯ್ಯುವವರು ಬರುವ ಗ್ಯಾರೇಜಿಗೆ ಕೊಡಿ, ಕೊಡುವಾಗ ಒಳಗೆ ಪೆಟ್ರೋಲ್ ಇದೆ ಎಂದು ಹೇಳಿ ಕೊಡಿ.